ಬಾಯಾರು ಕಲಿಸಿದ ಕೋಳಿ ಸಾರು

ಬಾಯಾರು ತೀರಿಕೊಂಡ ದಿನ ನಮ್ಮ ಹಳೆಯ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು. ಹುಬ್ಬಳ್ಳಿಯ ಬೈರಿದೇವರಕೊಪ್ಪದ ಆ ಓಣಿಯನ್ನು ನಾವು ಬಿಟ್ಟು ಆರು ವರ್ಷವಾಗಿತ್ತು. ಗುಂಪಿನಿಂದ ನನ್ನನ್ನು ಯಾರೂ ತೆಗೆದಿರಲಿಲ್ಲ, ನಾನಾಗಿ ಹೊರಗೂ ಬಂದಿರಲಿಲ್ಲ. ಫೋಟೋದ ಕೆಳಗೆ ಒಂದರ ಹಿಂದೊಂದು ಮಾತುಗಳು ಬೀಳುತ್ತ ಹೋದವು. ಅವರ ಕೈಯ ಹೋಳಿಗೆಯನ್ನು ಒಬ್ಬರು ನೆನೆದರು. ಪಂಚಮಿಗೆ ಓಣಿಗೆಲ್ಲ ಹಂಚುತ್ತಿದ್ದ ಉಂಡಿಗಳನ್ನು ಇನ್ನೊಬ್ಬರು ನೆನೆದರು. ಅವರ ಅಕ್ಷರ ಎಷ್ಟು ಚೆಂದ, ಗುಡಿಯ ಕರಪತ್ರಗಳನ್ನೆಲ್ಲ ಅವರೇ ಬರೆದುಕೊಡುತ್ತಿದ್ದರು ಎಂದು ಮೂರನೆಯವರು ಬರೆದರು. ಸಂಜೆಯ ಹೊತ್ತಿಗೆ ನಲವತ್ತಕ್ಕೂ ಹೆಚ್ಚು ಜನ ಕೈ ಮುಗಿದಿದ್ದರು.

ಅವರು ಮಾಡುತ್ತಿದ್ದ ಕೋಳಿ ಸಾರಿನ ಬಗ್ಗೆ ಮಾತ್ರ ಒಬ್ಬರೂ ಬರೆಯಲಿಲ್ಲ. ಬರೆಯಲು ಯಾರಿಗೂ ಗೊತ್ತಿರಲಿಲ್ಲ. ಆ ಸಾರನ್ನು ಉಂಡವರು ನಾನು, ನಮ್ಮನೆಯವರು, ನಮ್ಮತ್ತೆ. ನಾಲ್ಕನೆಯವರು ಸ್ವತಃ ಬಾಯಾರು.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಬಾಯಾರು ಅನ್ನುತ್ತಾರೆ. ಇವರು ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಓಣಿಗೆ ಬಾಯಾರೇ. ಅವರ ಗಂಡ ಒಂದು ಕಾಲಕ್ಕೆ ಹತ್ತಿ ವ್ಯಾಪಾರ ಮಾಡಿದವರು, ಗುಡಿಯ ಕಮಿಟಿಯಲ್ಲಿದ್ದರು, ಅವರಿಗೆ ಸಾಹುಕಾರರು ಎಂದು ಹೆಸರು. ಮುಂಜಾನೆ ಪೂಜೆಯಾಗದೆ ಚಹಾ ಸಹಿತ ಕುಡಿಯದ ಮನೆ ಅದು. ಅಮಾವಾಸ್ಯೆಗೆ ಬಳ್ಳೊಳ್ಳಿಯನ್ನೂ ಮುಟ್ಟುತ್ತಿರಲಿಲ್ಲ. ನಾವು ಅವರ ಹಿಂದಿನ ಮನೆಯಲ್ಲಿ ಬಾಡಿಗೆಗಿದ್ದೆವು. ಎರಡೂ ಮನೆಯ ಹಿತ್ತಲ ನಡುವೆ ಸೊಂಟದೆತ್ತರದ ಒಂದು ಗೋಡೆ, ಗೋಡೆಯಲ್ಲಿ ಒಂದು ಸಣ್ಣ ಬಾಗಿಲು. ಹಿಂದೊಮ್ಮೆ ಎರಡೂ ಮನೆ ಒಬ್ಬರದೇ ಆಗಿದ್ದಾಗ ಇಟ್ಟ ಬಾಗಿಲಂತೆ.

ನಾನು ಬೆಳೆದದ್ದು ಹಾಸ್ಟೆಲ್ಲುಗಳಲ್ಲಿ. ಚಿಕ್ಕಂದಿನಲ್ಲೇ ಅವ್ವ ಹೋದಳು, ಒಲೆಯ ಮುಂದೆ ನಿಲ್ಲಿಸಿಕೊಂಡು ಕಲಿಸುವವರು ಯಾರೂ ಇರಲಿಲ್ಲ. ಲಗ್ನವಾಗಿ ಬಂದ ಮೇಲೆ ಅಡಿಗೆಯೆಲ್ಲ ನಮ್ಮತ್ತೆಯದು. ಶಿರಗುಪ್ಪಿಯ ಒಕ್ಕಲು ಮನೆತನದ ಹೆಣ್ಣುಮಗಳು, ಹಿತ್ತಲಲ್ಲಿ ಕೋಳಿ ಸಾಕಿದವರು. ಆಮೇಲೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳನ್ನು ತಿಂದಿತು. ಧಾರವಾಡದ ಕಾಲೇಜೊಂದರ ಲೈಬ್ರರಿಯಲ್ಲಿ ನನಗೆ ಕೆಲಸ, ಬಸ್ ಡಿಪೋದಲ್ಲಿ ನಮ್ಮನೆಯವರು ಮೆಕ್ಯಾನಿಕ್. ಅಡಿಗೆಮನೆ ನನ್ನ ಪಾಲಿಗೆ ಬಂತು. ಹೇಗೆ ಮಾಡಬೇಕೆಂದು ಕೇಳಿದರೆ ಅತ್ತೆ, "ಕೈಗೆ ಗೊತ್ತಿತ್ತವಾ, ಬಾಯಿಗೆ ಗೊತ್ತಿಲ್ಲ" ಅನ್ನುತ್ತಿದ್ದರು. ಹೀಗಾಗಿ ರವಿವಾರ ನಮ್ಮಲ್ಲಿ ಕೋಳಿ ಎಂದರೆ ಪಾಕೀಟಿನ ಮಸಾಲೆ, ಹಸಿ ಕೊಬ್ಬರಿ, ಕುಕ್ಕರಿನ ನಾಲ್ಕು ಸೀಟಿ. ಅತ್ತೆ ಏನೂ ಅನ್ನದೆ ಉಣ್ಣುತ್ತಿದ್ದರು. ನಮ್ಮನೆಯವರು ಉಪ್ಪಿನಕಾಯಿ ಹಾಕಿಸಿಕೊಳ್ಳುತ್ತಿದ್ದರು.

ಅಂಥ ಒಂದು ರವಿವಾರ ನಾನು ಹಿತ್ತಲ ಬಾಗಿಲಲ್ಲಿ ಕುಕ್ಕರು ತೊಳೆಯುತ್ತಿದ್ದೆ. ಗೋಡೆಯಾಚೆ ಬಾಯಾರು ಸಂಡಿಗೆ ಒಣಹಾಕುತ್ತಿದ್ದರು. ಹಣೆಯ ತುಂಬ ವಿಭೂತಿ, ದಾರ ಕಟ್ಟಿದ ಕನ್ನಡಕ. ನನ್ನ ಕಡೆ ನೋಡದೆಯೇ ಕೇಳಿದರು.

"ಕೊಬ್ಬರಿ ಹಸೀದ ಹಾಕಿದ್ದಿ ಏನು, ತಂಗಿ?"

ವಾಸನೆಯ ತಕರಾರು ತೆಗೆಯಲು ಬಂದರೆಂದುಕೊಂಡೆ. ತಪ್ಪಾಯ್ತೆನ್ನುವ ದನಿಯಲ್ಲಿ "ಹೌದ್ರಿ" ಅಂದೆ.

"ಹುರದು ಹಾಕು. ಸಣ್ಣ ಉರೀ ಮ್ಯಾಲೆ, ಕೆಂಪಗಾಗೂತನಕಾ. ಹಸೀದ ಹಾಕಿದ್ರ ಸಾರು ಮಾರಿ ಇಳಿಬಿಟ್ಕೊಂಡು ಕುಂಡರತೈತಿ."

ಅಷ್ಟು ಹೇಳಿ, ತಾವೇನೂ ಹೇಳಿಯೇ ಇಲ್ಲವೆಂಬಂತೆ ಒಳಗೆ ಹೋಗಿಬಿಟ್ಟರು. ನಾನು ಕುಕ್ಕರು ಹಿಡಿದುಕೊಂಡು ನಿಂತೇ ಇದ್ದೆ. ಜನ್ಮದಲ್ಲಿ ಕೋಳಿ ಮುಟ್ಟದ ಮನೆಯ ಹೆಣ್ಣುಮಗಳು ಗೋಡೆಯಾಚೆಯಿಂದ, ಬರೀ ಮೂಗಿನಿಂದ, ನನ್ನ ಸಾರಿನ ರೋಗ ಕಂಡುಹಿಡಿದಿದ್ದರು.

ಮುಂದಿನ ರವಿವಾರ ಹುರಿದು ಹಾಕಿದೆ. ಗೋಡೆಯಾಚೆಯಿಂದ "ಉರಿ ದೊಡ್ಡದಾತು" ಎಂದು ದನಿ ಬಂತು. ಅದರ ಮುಂದಿನ ರವಿವಾರ ಅವರೇ ಆ ಸಣ್ಣ ಬಾಗಿಲು ತೆರೆದುಕೊಂಡು ಬಂದರು. ರವಿವಾರ ಮುಂಜಾನೆ ಹತ್ತಕ್ಕೆ ಗುಡಿಯ ಕೆಲಸಕ್ಕೆ ಹೋದ ಸಾಹುಕಾರರು ಮಧ್ಯಾಹ್ನ ಎರಡರ ತನಕ ಬರುತ್ತಿರಲಿಲ್ಲ. ಬಾಯಾರು ನಮ್ಮ ಅಡಿಗೆಮನೆಯ ಹೊಸ್ತಿಲ ಹೊರಗೆ ಒಂದು ಮಣೆ ಹಾಕಿಸಿಕೊಂಡು ಕುಳಿತರು. ಒಳಗೆ ಕಾಲಿಡಲಿಲ್ಲ. ಅಲ್ಲಿಂದಲೇ ಪಾಠ ಸುರುವಾಯಿತು.

ಮೊದಲಿಗೆ ಹಾಜರಿ. ಇದು ಅವರ ಮೂವತ್ತು ವರ್ಷದ ಚಟ. ಮಸಾಲೆಯ ಸಾಮಾನುಗಳನ್ನೆಲ್ಲ ತಾಟಿನಲ್ಲಿ ಸಾಲಾಗಿ ಇಡಬೇಕು, ಅವರು ಒಂದೊಂದೇ ಹೆಸರು ಕರೆಯಬೇಕು, ನಾನು ಓಗೊಡಬೇಕು.

"ಧನಿಯಾ?"

"ಹಾಜರ್ರಿ."

"ಲವಂಗ?"

"ಹಾಜರ್ರಿ."

"ಗಸಗಸಿ?"

ಗಸಗಸೆ ತಂದಿರಲಿಲ್ಲ. ಬಾಯಾರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಗೈರಹಾಜರಿ ಹಾಕ್ಲೋ, ತರತೀಯೋ?" ಮೂವತ್ತೈದು ದಾಟಿದ ನಾನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಓಡಿದ್ದೆ. ಒಳಗಿನ ಕೋಣೆಯಿಂದ ಅತ್ತೆ ನಕ್ಕದ್ದು ಕೇಳಿಸಿತ್ತು. ಕಣ್ಣು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೋಳಿಗೆ ಅರಿಸಿನ, ಉಪ್ಪು, ಚೂರು ಮೊಸರು ಸವರಿ ಒಂದು ತಾಸು ಬಿಡಬೇಕು. ಉಳ್ಳಾಗಡ್ಡಿಯನ್ನು ಸಿಪ್ಪೆಸಹಿತ ಉರಿಯ ಮೇಲಿಟ್ಟು ಮೈಯೆಲ್ಲ ಕರ್ರಗಾಗುವಂತೆ ಸುಡಬೇಕು, ಸುಟ್ಟ ಸಿಪ್ಪೆ ತೆಗೆದರೆ ಒಳಗೆ ಬೆಣ್ಣೆಯಂತಾಗಿರುತ್ತದೆ. ಕೊಬ್ಬರಿ, ಧನಿಯಾ, ಗಸಗಸೆ, ಚಕ್ಕೆ ಒಂದೊಂದನ್ನೂ ಬೇರೆಬೇರೆ ಹುರಿಯಬೇಕು. "ಎಲ್ಲಾರ್ನೂ ಒಂದ ಕ್ಲಾಸಿನ್ಯಾಗ ಕುಂಡರಿಸಿದ್ರ ಶಾಣ್ಯಾ ಇದ್ದಾವ ಹೊತ್ತತಾನ, ದಡ್ಡ ಹಸೀನ ಉಳೀತಾನ" ಅನ್ನುತ್ತಿದ್ದರು. ಎಣ್ಣೆಯಲ್ಲಿ ಮೊದಲು ಬಳ್ಳೊಳ್ಳಿ ಶುಂಠಿ, ಮೇಲೆ ಕೋಳಿ. ಕೋಳಿ ತನ್ನ ನೀರು ತಾನೇ ಬಿಟ್ಟು, ಆ ನೀರನ್ನು ತಾನೇ ಕುಡಿಯುವ ತನಕ ಕಾಯಬೇಕು. ಆಮೇಲೆ ಅರೆದ ಮಸಾಲೆ, ಬ್ಯಾಡಗಿಯ ಕೆಂಪು ಖಾರ. ಎಣ್ಣೆ ಅಂಚಿಗೆ ಬಂದು ನಿಂತ ಮೇಲಷ್ಟೇ ಬಿಸಿನೀರು, ಅದೂ ಅವರು ಸಾಕು ಅನ್ನುವ ತನಕ. ನಾನು ಒಮ್ಮೆ ಚೊಂಬನ್ನೇ ಬಗ್ಗಿಸಿಬಿಟ್ಟೆ. ಬಾಯಾರು ಹಣೆ ಮುಟ್ಟಿಕೊಂಡರು.

"ಸಾರಿಗೆ ನೀರು ಹಾಕೂದು ಮಾತಿನ್ಯಾಗ ಸುಳ್ಳು ಕೂಡಸಿದಂಗ, ತಂಗಿ. ಒಮ್ಮಿ ಹೆಚ್ಚಾತಂದ್ರ ಹೊಳ್ಳಿ ತಗಿಯಾಕ ಬರೂದಿಲ್ಲ."

ಇಷ್ಟೆಲ್ಲ ಹೇಗೆ ಗೊತ್ತೆಂದು ಕೇಳುವ ಧೈರ್ಯ ನನಗಿರಲಿಲ್ಲ. ಒಂದು ದಿನ ಕೊಬ್ಬರಿ ಹುರಿಯುವ ನನ್ನ ಕೈಯನ್ನೇ ನೋಡುತ್ತ ಅವರಾಗಿ ಹೇಳಿದರು. ನೌಕರಿಯ ಮೊದಲ ಊರು, ಮೂಲೆಯ ಹಳ್ಳಿ. ಅಲ್ಲಿ ಇನ್ನೊಬ್ಬ ಬಾಯಾರ ಜೊತೆ ಒಂದೇ ಕೋಣೆಯಲ್ಲಿದ್ದರಂತೆ. ಆಕೆ ಕೋಳಿ ತಿನ್ನುವವಳು. ಮೊದಲು ಇವರು ಮೂಗು ಮುಚ್ಚಿಕೊಂಡು ಹೊರಗೆ ಕೂಡುತ್ತಿದ್ದರು. ಒಂದು ಮಳೆಗಾಲ ಜ್ವರ ಬಂದು ಹದಿನೈದು ದಿನ ಮಲಗಿದಾಗ ಆಕೆ ತಿಳಿ ಸಾರು ಮಾಡಿ ಕುಡಿಸಿದಳು.

"ಏನಂತ ಕೇಳಲಿಲ್ಲ ನಾ. ಗೊತ್ತಿತ್ತು, ಆದ್ರೂ ಕೇಳಲಿಲ್ಲ. ಆಮ್ಯಾಲೆ ಆರು ವರ್ಷ ಆಕಿ ಕೂಡ ಉಂಡೆ. ಲಗ್ನಾಗಿ ಈ ಮನಿಗೆ ಬಂದ ಮ್ಯಾಲೆ ಬಿಟ್ಟೆ. ಬಿಟ್ಟೆ ಅಂದ್ರ ಬಾಯಿ ಬಿಡ್ತು. ಮೂಗು ಬಿಡಲಿಲ್ಲ."

ಅವರು ನಮ್ಮಲ್ಲಿ ಮೊದಲ ಸಲ ಉಂಡದ್ದು ಪಾಠ ಸುರುವಾಗಿ ಎರಡು ತಿಂಗಳಿಗೆ. ಅದರ ಮುಂಚೆ ಉಪ್ಪು ನೋಡಲೆಂದು ಅಂಗೈಗೆ ಒಂದು ಹನಿ ಹಾಕಿಸಿಕೊಳ್ಳುತ್ತಿದ್ದರು. ಹನಿ ಎರಡಾಯಿತು, ಎರಡು ಒಂದು ಚಮಚೆಯಾಯಿತು. ಆ ದಿನ ಸಾರು ಬಹಳ ಚಲೋ ಕೂಡಿಬಂದಿತ್ತು. ನಾನು ಅತ್ತೆಗೆ ತಾಟು ಹಾಕಿ, ಬಿಸಿ ರೊಟ್ಟಿ ಮುರಿದು ಕೈಗಿಟ್ಟೆ. ಬಾಯಾರು ಎದ್ದು ಹೋಗಲಿಲ್ಲ. ಕೂಡಲೂ ಇಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಅತ್ತೆಗೆ ಅದು ಹೇಗೆ ತಿಳಿಯಿತೋ. ತಲೆ ಎತ್ತದೆ ಅಂದರು:

"ಕುಂದರ್ರಿ ಬಾಯಾರ. ನನಗರೆ ಕಣ್ಣ ಇಲ್ಲ. ನೀವು ಏನ ಉಂಡ್ರಿ ಅಂತ ನಾ ನೋಡೇ ಇಲ್ಲ."

ಬಾಯಾರು ಅತ್ತೆಯ ಪಕ್ಕದಲ್ಲಿ ಕುಳಿತರು. ಮೊದಲ ತುತ್ತು ಬಾಯಿಗಿಟ್ಟು ಬಹಳ ಹೊತ್ತು ನುಂಗಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಆ ದಿನದಿಂದ ಮೂರು ವರ್ಷ, ಶ್ರಾವಣ ಮತ್ತು ಹಬ್ಬಗಳನ್ನು ಬಿಟ್ಟು, ಒಂದು ರವಿವಾರವೂ ತಪ್ಪಲಿಲ್ಲ. ಹೊಸ್ತಿಲ ಹೊರಗಿನ ಮಣೆ ಒಳಗೆ ಬಂತು. ಕಡೆಕಡೆಗೆ ಅವರೇ ಒಲೆಯ ಮುಂದೆ ನಿಂತು ಸೌಟು ಹಿಡಿಯುತ್ತಿದ್ದರು, ನಾನು ರೊಟ್ಟಿ ಬಡಿಯುತ್ತಿದ್ದೆ. ಉಂಡ ಮೇಲೆ ನಿಂಬೆಹಣ್ಣಿನ ಹೋಳಿನಿಂದ ಕೈ ತಿಕ್ಕಿಕೊಂಡು, ಎರಡು ಏಲಕ್ಕಿ ಬಾಯಿಗೆ ಹಾಕಿಕೊಂಡು, ಎರಡು ಗಂಟೆಯೊಳಗೆ ಗೋಡೆ ದಾಟುತ್ತಿದ್ದರು.

ಬರೀ ಕೋಳಿಯ ಆಸೆಗೆ ಬರುತ್ತಿದ್ದರು ಎಂದರೆ ಅನ್ಯಾಯವಾದೀತು. ಉಳಿದ ದಿನ ಸಂಜೆ ಐದಕ್ಕೆ ಬಂದು ಅತ್ತೆಗೆ ಪೇಪರು ಓದಿ ಹೇಳುತ್ತಿದ್ದರು. ಹತ್ತಿಯ ಧಾರಣೆಯಿಂದ ಹಿಡಿದು ತೀರಿಕೊಂಡವರ ಸುದ್ದಿಯ ತನಕ ಒಂದನ್ನೂ ಬಿಡುತ್ತಿರಲಿಲ್ಲ. ಎಲ್ಲೋ ಒಬ್ಬ ಮಂತ್ರಿ ಸುಳ್ಳು ಹೇಳಿದ್ದ ಸುದ್ದಿ ಬಂದರೆ ಅತ್ತೆ "ಅವನ್ನ ಬೆಂಚಿನ ಮ್ಯಾಲೆ ನಿಂದ್ರಸ್ರಿ ಬಾಯಾರ" ಅನ್ನುವರು, ಬಾಯಾರು "ನಿಂದ್ರಸೇನಿ, ಮುಂದಿಂದ ಕೇಳ್ರಿ" ಅನ್ನುವರು. ನನ್ನ ಕಿರಾಣಿ ಚೀಟಿಯನ್ನು ಸಹ ತಿದ್ದುತ್ತಿದ್ದರು. 'ಕೊತಂಬರಿ'ಗೆ ಒತ್ತು ಬಿಟ್ಟದ್ದಕ್ಕೆ ಒಮ್ಮೆ ಅದೇ ಶಬ್ದವನ್ನು ಹತ್ತು ಸಲ ಬರೆಸಿದ್ದರು. ಬರೆಯುತ್ತ ನನಗೆ ನಗು ಬಂತು, ಆಮೇಲೆ ಅಳು ಬಂತು. ನನ್ನನ್ನು ಹಾಗೆ ಕೂಡಿಸಿಕೊಂಡು ತಿದ್ದಿದವರು ಅದುವರೆಗೆ ಯಾರೂ ಇರಲಿಲ್ಲ. ಮನಸ್ಸಿನಲ್ಲಿ ಅವರನ್ನು ನಾನು ಅವ್ವ ಎಂದೇ ಕರೆದುಕೊಂಡಿದ್ದೆ. ಬಾಯಿಬಿಟ್ಟು ಎಂದೂ ಕರೆಯಲಿಲ್ಲ.

ನಾಲ್ಕನೆಯ ವರ್ಷ, ದೀಪಾವಳಿ ಆದ ಮೇಲಿನ ಒಂದು ರವಿವಾರ ಬಾಯಾರು ಬರಲಿಲ್ಲ. ಗೋಡೆಯ ಹತ್ತಿರ ಹೋಗಿ ಕೂಗಿದೆ. ಬಾಗಿಲು ತೆರೆಯದೆ, ಗೋಡೆಯ ಮೇಲಿಂದಲೇ ಸಣ್ಣ ದನಿಯಲ್ಲಿ ಹೇಳಿದರು. "ಭಜನಿ ಮಂದಿ ನನ್ನ ಸೀರಿ ವಾಸನಿ ಹಿಡದಾರ, ತಂಗಿ. 'ಏನ್ರಿ ಬಾಯಾರ, ರವಿವಾರ ನಿಮ್ಮ ಸೆರಗಿಗೆ ಏನೋ ನಾರತೈತಿ' ಅಂದ್ರು. ಒಂದೀಟು ದಿನ ಬ್ಯಾಡ." ಅವರ ಮುಖ ಬಿಳಚಿಕೊಂಡಿತ್ತು. "ಆತ್ರಿ, ಬಿಡ್ರಿ" ಅಂದೆ. ಒಂದು ಡಬ್ಬಿಯಲ್ಲಿ ಸಾರು ಹಾಕಿ ಕೊಡಲೇ ಎಂದು ಕೇಳಿದೆ. ಅವರು ತಲೆ ಅಲ್ಲಾಡಿಸಿ ಒಳಗೆ ಹೋದರು.

ಅದಾದ ಎರಡು ವಾರಕ್ಕೆ ನಮ್ಮ ಮನೆಯ ಮಾಲಕರು ಬಂದರು. ಅವರಿದ್ದದ್ದು ಹುಬ್ಬಳ್ಳಿಯ ಇನ್ನೊಂದು ಮೂಲೆಯಲ್ಲಿ. ವರ್ಷಕ್ಕೊಮ್ಮೆ ಮುಖ ತೋರಿಸುತ್ತಿದ್ದ ಮನುಷ್ಯ. ಕುರ್ಚಿಯ ಅಂಚಿನಲ್ಲಿ ಕುಳಿತು ಜೇಬಿನಿಂದ ಮಡಿಚಿದ ಕಾಗದ ತೆಗೆದರು.

"ನಂದೇನೂ ಇಲ್ರಿ. ಖರೇ ಹೇಳಬೇಕಂದ್ರ ನಾನೂ ಹೊರಗ ತಿಂತೇನಿ. ಆದ್ರ ಓಣಿ ಮಂದಿ ಅರ್ಜಿ ಕೊಟ್ಟಾರ. ನಾಳೆ ಮನಿ ಮಾರೂದು ಬಂದ್ರ ಇವರ ಕೂಡನ ನಾ ಏಗಬೇಕಲ್ರಿ. ಎರಡು ತಿಂಗಳು ಟೈಮ ತಗೋರಿ."

ಕಾಗದ ಬಿಚ್ಚಿದೆ. ಮೊದಲ ಸಾಲನ್ನು ಓದುವ ಮುಂಚೆಯೇ ಅಕ್ಷರದ ಗುರುತು ಸಿಕ್ಕಿತು. ಆ ಅಕ್ಷರವನ್ನು ಮೂರು ವರ್ಷ ನನ್ನ ಕಿರಾಣಿ ಚೀಟಿಗಳ ಮೇಲೆ ನೋಡಿದ್ದೆ. ದುಂಡಗೆ, ಒಂದೇ ಎತ್ತರಕ್ಕೆ, ತಲೆಕಟ್ಟುಗಳನ್ನೆಲ್ಲ ದಾರ ಹಿಡಿದು ಎಳೆದಂತೆ ಬರೆದ ಅಕ್ಷರ. 'ಸದರಿ ಮನೆಯಿಂದ ಪ್ರತಿ ರವಿವಾರ ಮುಂಜಾನೆ ಹತ್ತೂವರೆಯಿಂದ ಹುರಿದ ಕೊಬ್ಬರಿ ಹಾಗೂ ಸುಟ್ಟ ಉಳ್ಳಾಗಡ್ಡಿಯ ಘಾಟು ಬರುತ್ತಿದ್ದು, ತದನಂತರ ಮಾಂಸದ ವಾಸನೆ ಓಣಿಯನ್ನು ವ್ಯಾಪಿಸಿ, ಸಂಸ್ಕಾರವಂತ ಮನೆತನದವರು ಬಾಳುವುದು ದುಸ್ತರವಾಗಿದೆ.' ಕೆಳಗೆ ಎಂಟು ಸಹಿ. ಎಲ್ಲಕ್ಕೂ ಮೇಲೆ ಸಾಹುಕಾರರ ಹೆಸರಿನ ಸಹಿ, ದುಂಡನೆಯ ಕನ್ನಡದಲ್ಲಿ.

ಬಾಯಾರು ಬರುವ ಮುಂಚೆ ನಮ್ಮ ಮನೆಯಲ್ಲಿ ಕೊಬ್ಬರಿ ಹುರಿಯುತ್ತಿರಲಿಲ್ಲ, ಉಳ್ಳಾಗಡ್ಡಿ ಸುಡುತ್ತಿರಲಿಲ್ಲ. ಆ ಘಾಟನ್ನು ನಮ್ಮ ಮನೆಗೆ ತಂದವರೇ ಅವರು.

ಮಾಲಕರಿಂದ ಅರ್ಜಿಯ ಝೆರಾಕ್ಸ್ ಕೇಳಿ ಇಟ್ಟುಕೊಂಡೆ. ಮರುದಿನ ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದು, ಮೊದಲ ಸಲ ಆ ಸಣ್ಣ ಬಾಗಿಲನ್ನು ನಾನು ತೆರೆದೆ. ಬಾಯಾರು ಹಿತ್ತಲಲ್ಲಿ ಶೇಂಗಾ ಸುಲಿಯುತ್ತಿದ್ದರು. ಕಾಗದವನ್ನು ಅವರ ಮುಂದೆ ಹಿಡಿದೆ. ಅವರು ಓದಲಿಲ್ಲ. ಓದುವ ಅಗತ್ಯ ಇರಲಿಲ್ಲ.

"ಇದು ನಿಮ್ಮ ಅಕ್ಷರ ಅಲ್ರಿ?"

"ಅಕ್ಷರ ನಂದು. ಮಾತು ಅವರ್ದು" ಅಂದರು.

"ಯಾರ್ದು?"

"ನಮ್ಮನಿಯವರ್ದು. ಮುಂದ ಕುರ್ಚಿ ಹಾಕ್ಕೊಂಡು ಕುಂತು ಬರಸಿದ್ರು. ಮೊದಲ ಸಹಿ ನೋಡು, ಅವರ್ದೇ ಐತಿ. ನಾ ಬರಿಯೂದಿಲ್ಲ ಅಂದಿದ್ರ ಯಾಕ ಅಂತ ಕೇಳ್ತಿದ್ರು. ಏನ ಹೇಳಲಿ?"

"ಕೊಬ್ಬರಿ ಹುರಿಯೂ ಘಾಟು ಅಂತ ಐತಲ್ರಿ ಇದರಾಗ. ಅದನ್ನೂ ಅವರ ಹೇಳಿದ್ರೇನು?"

ಬಾಯಾರ ಬೆರಳುಗಳು ನಿಂತವು. ಸ್ವಲ್ಪ ಹೊತ್ತಿಗೆ ಮತ್ತೆ ಸುಲಿಯತೊಡಗಿದವು. "ನಿನಗ ಬ್ಯಾರೆ ಮನಿ ಸಿಗತೈತಿ, ತಂಗಿ. ನನಗ ಈ ವಯಸ್ಸಿನ್ಯಾಗ ಬ್ಯಾರೆ ಮನಿ ಎಲ್ಲಿಂದ ಬರಬೇಕು?" ಎಂದರು.

ಅವರು ಅತ್ತಿದ್ದರೆ ನಾನೂ ಅತ್ತುಬಿಡುತ್ತಿದ್ದೆನೇನೋ. ಅವರು ಅಳಲಿಲ್ಲ. ಸಿಪ್ಪೆಯನ್ನು ಒಂದು ಕಡೆ, ಕಾಳನ್ನು ಒಂದು ಕಡೆ ಹಾಕುತ್ತ ಕುಳಿತಿದ್ದರು. ನಾನು ಬಾಗಿಲು ಎಳೆದುಕೊಂಡು ಬಂದೆ.

ನಮ್ಮನೆಯವರು ಸಿಟ್ಟಿನ ಮನುಷ್ಯ ಅಲ್ಲ. ಆದರೆ ಅವತ್ತು ನಿಂತಲ್ಲಿ ನಿಲ್ಲಲಾರದೆ ಹೋದರು. "ಓಣ್ಯಾಗ ನಿಂತು ಹೇಳತೇನಿ. ಮೂರು ವರ್ಷ ನಮ್ಮನ್ಯಾಗ ಕುಂತು ಯಾರು ಉಂಡಾರ, ಯಾರ ಕೈಲೇ ಮಾಡಿದ್ದನ್ನ ಉಂಡಾರ, ಎಲ್ಲಾ ಹೇಳತೇನಿ. ಆಮ್ಯಾಲೆ ಬೇಕಾದ್ರ ಮನಿ ಬಿಡೂಣು" ಅಂದರು. ನನಗೂ ಅದೇ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ. ಎಂಟು ಸಹಿ ಮಾಡಿದವರೆಲ್ಲ ಬಾಯಾರ ಮುಖ ನೋಡಬೇಕು, ಬಾಯಾರು ತಲೆ ತಗ್ಗಿಸಬೇಕು, ಅದನ್ನು ನಾನು ಬಾಗಿಲಲ್ಲಿ ನಿಂತು ಕಾಣಬೇಕು.

ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು. ಅರ್ಜಿಯನ್ನು ನಾನು ಓದಿ ಹೇಳಿದ್ದೆ. ಪೂರ್ತಿ ಕೇಳಿ, "ಆಕೀನ ಬರದ್ಲೇನು?" ಎಂದಷ್ಟೇ ಕೇಳಿದ್ದರು. ಈಗ ಮಗನಿಗೆ ಅಂದರು:

"ನಮ್ಮ ತಾಟಿನ್ಯಾಗ ಉಂಡಾಕಿನ್ನ ಓಣ್ಯಾಗ ನಿಂದ್ರಸಬ್ಯಾಡ. ಆಕಿ ಮಾಡಿದ್ದನ್ನ ನಾವೂ ಮಾಡಿದ್ರ ಆಕಿಗೂ ನಮಗೂ ಏನ ಫರಕು?"

"ನಿನಗ ಏನೂ ಅನಸೂದಿಲ್ಲೇನವಾ?"

"ಅನಸತೈತಪಾ" ಅಂದರು ಅತ್ತೆ. "ದಿನಾ ಸಂಜೀಕ ಬಂದು ನನ್ನ ಕೈ ಹಿಡಕೊಂಡು ಪೇಪರ ಓದಿ ಹೇಳತಿದ್ಲು. ಆ ಕೈಲೇನ ಬರದಾಳ. ಅನಸೂದಿಲ್ಲ ಅಂದ್ರ ಹೆಂಗ?"

ನಾವು ಬಾಯಿ ಮುಚ್ಚಿಕೊಂಡು ಮನೆ ಬಿಟ್ಟೆವು. ಸಾಮಾನು ಹೇರುವ ದಿನ ಓಣಿಯ ಬಾಗಿಲುಗಳು ಅರ್ಧ ಅರ್ಧ ತೆರೆದಿದ್ದವು. ಹಿತ್ತಲ ಗೋಡೆಯಾಚೆ ಯಾರೂ ಬರಲಿಲ್ಲ.

ಧಾರವಾಡದಲ್ಲಿ, ಕೆಲಗೇರಿ ಕೆರೆಯ ಕಡೆ ಮನೆ ಸಿಕ್ಕಿತು. ಮನೆ ಚಲೋ ಇದೆ, ಗಾಳಿ ಬರುತ್ತದೆ, ಯಾರೂ ಯಾರ ಒಲೆಯನ್ನೂ ಮೂಸುವುದಿಲ್ಲ. ಆದರೆ ಕಣ್ಣಿಲ್ಲದವರಿಗೆ ಮನೆ ಬದಲಿಸುವುದೆಂದರೆ ಏನೆಂದು ನನಗೆ ಅಲ್ಲಿಗೆ ಹೋದ ಮೇಲೆ ತಿಳಿಯಿತು. ಬೈರಿದೇವರಕೊಪ್ಪದಲ್ಲಿ ಅತ್ತೆ ಹಾಸಿಗೆಯಿಂದ ಬಚ್ಚಲಿಗೆ ಒಂಬತ್ತು ಹೆಜ್ಜೆ, ಬಾಗಿಲಿಗೆ ಹದಿನಾಲ್ಕು ಹೆಜ್ಜೆ ಎಂದು ಲೆಕ್ಕ ಹಿಡಿದು ತಾವೇ ತಿರುಗಾಡುತ್ತಿದ್ದರು. ಇಲ್ಲಿ ಒಂಬತ್ತು ಹೆಜ್ಜೆಗೆ ಗೋಡೆ. ಎರಡು ಸಲ ಹಣೆ ಒಡೆದುಕೊಂಡರು, ಮೂರನೆಯ ಸಲ ಬಿದ್ದು ಸೊಂಟದ ಚಪ್ಪೆ ಮುರಿಯಿತು. ಆಮೇಲೆ ಏಳಲೇ ಇಲ್ಲ. ನಾನು ಕೆಲಸದಿಂದ ಬಂದು ಪೇಪರು ಓದಿ ಹೇಳುತ್ತಿದ್ದೆ. "ಲಗೂ ಲಗೂ ಓದತಿ ನೀನು" ಅನ್ನುತ್ತಿದ್ದರು, ತಕರಾರಿನ ದನಿಯಲ್ಲೇನೂ ಅಲ್ಲ. ಒಂದೂವರೆ ವರ್ಷ ಹಾಗೆಯೇ ಮಲಗಿದ್ದು ಹೋದರು. ಬಾಯಾರಿಗೆ ಸುದ್ದಿ ಮುಟ್ಟಿರಲೇಬೇಕು, ಓಣಿಯ ಗುಂಪಿನಲ್ಲಿ ನಾನೇ ಹಾಕಿದ್ದೆ. ಬೇರೆಯವರೆಲ್ಲ ಕೈ ಮುಗಿದಿದ್ದರು. ಅವರ ಹೆಸರನ್ನು ಎರಡು ದಿನ ಹುಡುಕಿದೆ. ಇರಲಿಲ್ಲ.

ಇಷ್ಟಾದರೂ ವರ್ಷಗಳು ಕಳೆದಂತೆ ನನ್ನೊಳಗೆ ಎಲ್ಲೋ ಒಂದು ಕಡೆ ಅವರ ಮೇಲಿನ ಸಿಟ್ಟು ಸಡಿಲಾಗಿತ್ತು. ಸಾಹುಕಾರರನ್ನು ನೆನೆಯುತ್ತಿದ್ದೆ. ಕುರ್ಚಿ ಹಾಕಿಕೊಂಡು ಕುಳಿತ ಗಂಡ, ನೆಲದ ಮೇಲೆ ಕಾಗದ ಹಿಡಿದ ಹೆಂಡತಿ. ಅಂಥವನ ಮುಂದೆ ಆಕೆ ಏನು ಮಾಡಬಲ್ಲಳು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಿಟ್ಟನ್ನೆಲ್ಲ ಆ ಮನುಷ್ಯನ ಮೇಲೆ ಹೊರಿಸಿ, ಅವ್ವನೆಂದು ಕರೆದುಕೊಂಡಿದ್ದ ಹೆಂಗಸನ್ನು ಅಷ್ಟಿಷ್ಟು ಉಳಿಸಿಕೊಂಡಿದ್ದೆ. ಕೋಳಿ ಮಾಡುವಾಗ ಈಗಲೂ ಕೊಬ್ಬರಿಯನ್ನು ಸಣ್ಣ ಉರಿಯ ಮೇಲೆ ಹುರಿಯುತ್ತೇನೆ. ಬೇರೆ ರೀತಿ ನನಗೆ ಬರುವುದಿಲ್ಲ.

ಆದ್ದರಿಂದಲೇ ಸುದ್ದಿ ಬಂದ ಐದನೆಯ ದಿನ, ಸಾವಿನ ಮನೆಗೆ ಹೋಗಿ ಮಾತಾಡಿಸಿಕೊಂಡು ಬರೋಣವೆಂದು ಹೊರಟೆ. ನಮ್ಮನೆಯವರು ಓಣಿಯ ಬಾಯಿತನಕ ಬೈಕಿನಲ್ಲಿ ಬಿಟ್ಟು, "ನಾ ಒಳಗ ಬರೂದಿಲ್ಲ" ಎಂದು ಅಲ್ಲೇ ನಿಂತರು.

ಪಡಸಾಲೆಯಲ್ಲಿ ನಾಲ್ಕೈದು ಹೆಂಗಸರು ಕುಳಿತಿದ್ದರು, ಭಜನೆಯ ಮಂದಿ. ಸಾಹುಕಾರರು ಮಂಚದ ಮೇಲಿದ್ದರು. ಆರು ವರ್ಷದಲ್ಲಿ ಅರ್ಧವಾಗಿದ್ದರು, ಕೈ ನಡುಗುತ್ತಿತ್ತು. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಿಡಿದ ಮೇಲೆ ಅವರ ಮುಖ ನಿಜವಾಗಿಯೂ ಅರಳಿತು. "ಬಾ ತಂಗಿ, ಬಾ. ಹಿಂದಿನ ಮನಿ ತಂಗಿ ಅಲ್ಲೇನು" ಎಂದು ಪಕ್ಕದಲ್ಲಿ ಕೂಡಿಸಿಕೊಂಡರು. ನಾನು ಎಣಿಸಿಕೊಂಡು ಹೋದ ಮನುಷ್ಯ ಇವರಾಗಿರಲಿಲ್ಲ.

ಮರಣದ ದಾಖಲೆಗೆ ಕೊಡಬೇಕಾದ ಅರ್ಜಿಯೊಂದು ದಿಂಬಿನ ಹತ್ತಿರ ಇತ್ತು. ಅದನ್ನು ನನ್ನ ಕೈಗೆ ಕೊಟ್ಟರು. "ನೀನು ಲೈಬ್ರರ್ಯಾಗ ಇದ್ದಾಕಿ. ಒಂದೀಟು ಓದಿ ನೋಡು, ಬರೋಬ್ಬರಿ ಐತೇನು. ಇಂಥಾದ್ದೆಲ್ಲಾ ಆಕೀನ ನೋಡತಿದ್ಲು."

ಓದಿದೆ. ಹೆಸರು, ವಯಸ್ಸು, ವಿಳಾಸ, ಎಲ್ಲ ಸರಿ ಇತ್ತು. ಕೆಳಗೆ ಅವರ ಸಹಿ. ಇಂಗ್ಲಿಷಿನ ಮೂರು ಅಕ್ಷರ, ಕಡೆಗೆ ಉದ್ದಕ್ಕೆ ಎಳೆದ ಒಂದು ಗೆರೆ.

ನಾನು ಆ ಸಹಿಯನ್ನೇ ನೋಡುತ್ತಿದ್ದೆ. ಕಡೆಗೆ ಕೇಳಿದೆ. "ಸಾಹುಕಾರ್ರ, ನೀವು ಕನ್ನಡದಾಗ ಸಹಿ ಮಾಡೂದಿಲ್ಲೇನ್ರಿ?"

"ಇಲ್ಲವಾ. ಹದಿನೆಂಟನೇ ವರ್ಷಕ್ಕ ಪೇಟಿಗೆ ಕುಂತಾಗಿನಿಂದ ಇದೊಂದ ಸಹಿ. ಬ್ಯಾಂಕಿಗೂ ಇದ, ಗುಡಿಗೂ ಇದ. ಯಾಕ, ನಡಿಯೂದಿಲ್ಲೇನು?"

"ನಡೀತೈತ್ರಿ" ಅಂದೆ.

ದುಂಡನೆಯ ಕನ್ನಡದಲ್ಲಿ ಎಲ್ಲಕ್ಕೂ ಮೇಲೆ ಇದ್ದ ಆ ಸಹಿ ಕಣ್ಣ ಮುಂದೆ ಬಂತು. ಆ ಮನೆಯಲ್ಲಿ ಯಾರೂ ಕುರ್ಚಿ ಹಾಕಿಕೊಂಡು ಕುಳಿತಿರಲಿಲ್ಲ. ಯಾರೂ ಬರೆಸಿರಲಿಲ್ಲ. ಸೆರಗಿನ ವಾಸನೆಗೆ ಒಂದು ಉತ್ತರ ಬೇಕಾಗಿತ್ತು, ಬಾಯಾರು ಅದನ್ನು ತಾವೇ ಯೋಚಿಸಿ, ತಾವೇ ಬರೆದು, ಗಂಡನ ಹೆಸರನ್ನೂ ತಾವೇ ಹಾಕಿ, ಮನೆಮನೆಗೆ ಒಯ್ದಿದ್ದರು. ಉಳಿದ ಏಳು ಜನ ಆ ಮೊದಲ ಹೆಸರು ನೋಡಿ ಸಹಿ ಮಾಡಿದ್ದರು. ಆರು ವರ್ಷ ನಾನು ಈ ಮುದುಕನನ್ನು ದ್ವೇಷಿಸಿದ್ದೆ.

ಸಾಹುಕಾರರು ಮಾತಾಡುತ್ತಲೇ ಇದ್ದರು. "ನೀವು ಯಾಕ ಹಂಗ ಒಮ್ಮಿಂದೊಮ್ಮೆಲೆ ಮನಿ ಬಿಟ್ರಿ? ನಾ ಆಕಿನ್ನ ಕೇಳಿದ್ರ, ನಿಮಗ ಕಾಲೇಜಿಗೆ ಸಮೀಪ ಚಲೋ ಮನಿ ಸಿಕ್ಕೈತಿ ಅಂದ್ಲು. ಏನರೆ ತ್ರಾಸ ಇದ್ರ ನನಗೊಂದು ಮಾತು ಹೇಳಬೇಕಿಲ್ಲೊ? ಆ ಮಾಲಕ ನನ್ನ ಮಾತು ತಗದ ಹಾಕತಿದ್ದಿಲ್ಲ."

ಝೆರಾಕ್ಸ್ ಪ್ರತಿ ಮನೆಯಲ್ಲಿ, ಕಪಾಟಿನಲ್ಲಿತ್ತು. ಬಾಯಿ ಮಾತ್ರ ನನ್ನ ಹತ್ತಿರವೇ ಇತ್ತು. ನಾಲ್ಕು ಮಾತು ಸಾಕಾಗಿತ್ತು. ಎದುರಿಗೆ ಆ ಹೆಂಗಸರೆಲ್ಲ ಕುಳಿತಿದ್ದರು. ಆದರೆ ಹೇಳಿ ಏನು ಮಾಡುವುದು? ಕೇಳಬೇಕಾದವರು ಇರಲಿಲ್ಲ. ಈ ನಡುಗುವ ಕೈಗಳು ಇನ್ನಷ್ಟು ನಡುಗುತ್ತಿದ್ದವು, ಅಷ್ಟೆ. ಇದನ್ನು ಯಾರೂ ಕ್ಷಮೆ ಎಂದು ತಿಳಿಯಬಾರದು. ನಾನು ಕ್ಷಮಿಸಿಲ್ಲ.

"ನೀರಿನ ತ್ರಾಸ ಇತ್ರಿ" ಅಂದೆ.

"ಭಾಳ ಹಚ್ಚಿಗೊಂಡಿದ್ಲು ನಿಮ್ಮನ್ನ" ಅಂದರು ಸಾಹುಕಾರರು. "ರವಿವಾರ ಬಂತಂದ್ರ ಹಿತ್ತಲದಾಗ ಹೋಗಿ ಸುಮ್ಮನ ಕುಂಡರತಿದ್ಲು. ಒಮ್ಮಿ ಕೆಲಗೇರಿಗೆ ಹೋಗಿ ಬರೂಣು ನಡಿ ಅಂತ ಎಷ್ಟೋ ಸಲ ಅಂದೇನಿ. 'ಬ್ಯಾಡ ಬಿಡ್ರಿ, ಅವರು ನಮ್ಮನ್ನ ಮರತಾರ' ಅಂತಿದ್ಲು." ನನ್ನ ಮುಖ ನೋಡದೆ ಹೇಳಿದರು. "ಮರೀಬಾರದಿತ್ತು ತಂಗಿ. ಒಂದು ಸಲ ಬಂದು ಹೋಗಬೇಕಿತ್ತು."

ಕುಳಿತ ಹೆಂಗಸರು ನನ್ನ ಕಡೆ ನೋಡಿದರು. ಒಬ್ಬಳು ತಲೆ ಅಲ್ಲಾಡಿಸಿದಳು. ನಾನು ಎದ್ದು ಬಾಯಾರ ಫೋಟೋಕ್ಕೆ ಹೂ ಹಾಕಿ, ಸಾಹುಕಾರರ ಕಾಲು ಮುಟ್ಟಿ ಹೊರಗೆ ಬಂದೆ.

ನಮ್ಮನೆಯವರು ಓಣಿಯ ಬಾಯಲ್ಲಿ ಬೈಕಿನ ಮೇಲೆಯೇ ಕುಳಿತಿದ್ದರು. ಹೆಲ್ಮೆಟ್ಟು ನನ್ನ ಕೈಗೆ ಕೊಡುತ್ತ ಕೇಳಿದರು.

"ಏನಂದ್ರು?"

"ನಾವು ಅವರನ್ನ ಮರತೀವಂತ."

ಅವರು ಕೀಲಿ ತಿರುವಿದವರು ಗಾಡಿ ಚಾಲೂ ಮಾಡದೆ ಕೈ ಬಿಟ್ಟರು.